ಹೊಳೆ ಇಟ್ಕೊಂಡಿದ್ದ ಚಾಕು

ಒಂದಾನೊಂದು ಹೊಳೆ ಇತ್ತಂತೆ ಮಗಾ, ಆ ಹೊಳೆ ದಡದಲ್ಲಿ ಒಂದು ಊರಿತ್ತಂತೆ. ಸೇತುವೆ ಅನ್ನೋದನ್ನ ಯಾರೂ ಕಂಡಿರದ ಕಾಲ ಅದು, ಆಚೆ ದಡದ ಸಂತೆಗೆ ಹೋಗಬೇಕು ಅಂದ್ರೆ ಹರಿಗೋಲೇ ಗತಿ. ದೊಡ್ಡ ಬಿದಿರು ಬುಟ್ಟಿಗೆ ತೊಗಲು ಹೊದಿಸಿರ್ತಾರಲ್ಲ, ನೀರಲ್ಲಿ ಗರಗರ ತಿರುಗ್ತಾ ಹೋಗುತ್ತಲ್ಲ, ಅದೇ. ಆ ಊರಲ್ಲಿ ಹರಿಗೋಲು ಹಾಕೋರು ಮೂರು ಜನ ಅಣ್ಣತಮ್ಮಂದಿರಂತೆ, ದೊಡ್ಡೋನು ಅಂಕಯ್ಯ, ನಡುವಿನೋನು ಗುಡ್ಡಯ್ಯ, ಕಿರಿಯೋನು ಮರಿಗಂಗಯ್ಯ. ಅವರಪ್ಪ ಸಾಯೋವಾಗ ಮೂವರಿಗೂ ಸೇರಿ ಒಂದು ಹರಿಗೋಲು, ಒಂದು ಮಡಚೋ ಚಾಕು ಬಿಟ್ಟು ಹೋಗಿದ್ನಂತೆ. ಹಗ್ಗ ಸಿಕ್ಕಾದ್ರೆ ಕೊಯ್ಯೋಕೆ, ತೊಗಲು ಹರಿದ್ರೆ ತೇಪೆ ಕತ್ತರಿಸೋಕೆ ಹರಿಗೋಲಿನೋನ ಸೊಂಟದಲ್ಲಿ ಚಾಕು ಇರಲೇಬೇಕು ನೋಡು. ಕೊಂಬಿನ ಹಿಡಿ, ಹಿಡಿಯ ತುದೀಲಿ ಹಿತ್ತಾಳೆ, ಆ ಹಿತ್ತಾಳೆ ಮೇಲೆ ಅಪ್ಪ ತಾನೇ ಮೊಳೇಲಿ ಕೊರೆದ ಒಂದು ಮೀನು, ಬಾಲ ಸೊಟ್ಟ. ವಾರಕ್ಕೊಬ್ಬರ ಸರದಿ, ಯಾರ ಸರದಿಯೋ ಅವರ ಸೊಂಟದಲ್ಲಿ ಆ ಚಾಕು, ಹಾಗೇ ನಡ್ಕೊಂಡು ಹೋಗ್ತಿತ್ತಂತೆ.

ಅದೇ ಊರಲ್ಲಿ ಜೊಂಡಿನ ಚಾಪೆ ಹೆಣೆಯೋ ಒಬ್ಬ ಹೆಂಗಸು ಇದ್ಲಂತೆ, ಅವಳಿಗೊಬ್ಬಳೇ ಮಗಳು, ಹೊಂಬಾಳೆ ಅಂತ. ನಾನು ಹೇಳ್ತಿರೋದು ಈ ಹೊಂಬಾಳೆ ಕತೆ. ಅವಳಿಗೆ ಎಂಟು ವರ್ಷ ಇದ್ದಾಗ ಒಂದು ದಿನ ಹೊಳೆ ಕೆಂಪಗೆ ತುಂಬಿ ಹರೀತಿತ್ತಂತೆ, ಹರಿಗೋಲನ್ನ ಗೂಟಕ್ಕೆ ಬಿಗಿದು ಕಟ್ಟಿದ್ರಂತೆ. ಅಮ್ಮ ಜೊಂಡು ಕೊಯ್ತಿರೋವಾಗ ಇವಳು ಮೆಲ್ಲಗೆ ಹೋಗಿ ಹರಿಗೋಲೊಳಗೆ ಕೂತು ಆಟ ಆಡಿದ್ಲು, ಆಮೇಲೆ ಎದ್ದು ನಿಂತ್ಲು, ಆಮೇಲೆ ಹಗ್ಗ ಕಾಲಿಗೆ ಸುತ್ಕೊಂಡು ನೀರಿಗೆ ಬಿದ್ದೇಬಿಟ್ಲು. ಹಗ್ಗ ಹಿಡ್ಕೊಂಡಿದೆ, ಮೇಲೆ ಬರೋ ಹಾಗಿಲ್ಲ, ನೀರು ಎಳೀತಿದೆ, ಕೆಳಗೂ ಹೋಗೋ ಹಾಗಿಲ್ಲ. ಆ ವಾರ ಮರಿಗಂಗಯ್ಯನ ಸರದಿಯಂತೆ. ಅವನು ನೋಡಿದೋನೇ ಹಾರಿದ. ನೀರೊಳಗೇ ಚಾಕು ಬಿಚ್ಚಿ ಅವಳ ಕಾಲಿನ ಹಗ್ಗ ಕೊಯ್ದ, ಒಂದು ಕೈಲಿ ಮಗು ಹಿಡಿದು ಇನ್ನೊಂದು ಕೈಲಿ ಈಜಬೇಕಲ್ಲ, ಚಾಕು ಬಿಟ್ಟುಬಿಟ್ಟ. ಹೊಳೆ ಅದನ್ನ ತಗೊಂಡು ಹೋಯ್ತು.

ಆಗ ಆ ಕಡೆ ಒಂದು ಕೆಟ್ಟ ನಂಬಿಕೆ ಇತ್ತಂತೆ. ಹೊಳೆಗೆ ಬಿದ್ದು ಬದುಕಿ ಬಂದೋಳನ್ನ ಹೊಳೆ ಬೇಡಿದ ಹೆಣ್ಣು ಅಂತ ಕರೀತಿದ್ರಂತೆ. ಅಂಥೋಳನ್ನ ಹರಿಗೋಲಿಗೆ ಹತ್ತಿಸ್ತಿರಲಿಲ್ಲ, ಹತ್ತಿಸಿದ್ರೆ ಹೊಳೆ ಅವಳ ಜೊತೆ ಕೂತೋರನ್ನೂ ಕೇಳುತ್ತೆ ಅಂತ ಭಯ. ಮದುವೆಗೂ ಯಾರೂ ಕೇಳ್ಕೊಂಡು ಬರ್ತಿರಲಿಲ್ಲ. ಅದಕ್ಕೇ ಅವರಮ್ಮ ಮಗು ನೀರು ಕಕ್ಕಿ ಕಣ್ಣು ಬಿಟ್ಟ ಕೂಡಲೇ ಮರಿಗಂಗಯ್ಯನ ಕಾಲು ಹಿಡ್ಕೊಂಡು, ಅಣ್ಣಾ, ಇದು ನಿನ್ನ ಬಾಯಿಂದ ಆಚೆ ಬರಬಾರದು ಅಂದ್ಲಂತೆ. ಅವನು, ಬರಲ್ಲ ಹೋಗಮ್ಮ, ಮಗೂಗೆ ಬಿಸಿ ಗಂಜಿ ಕುಡಿಸು ಅಂದ್ನಂತೆ. ಚಾಕು ಹೋಗಿದ್ದು ಅವಳಿಗೂ ಗೊತ್ತಿಲ್ಲ, ಅವನೂ ಹೇಳಲಿಲ್ಲ.

ಆಮೇಲೆ ಸರದಿ ಬದಲಾಯಿಸೋ ದಿನ ಬಂತು, ಅಂಕಯ್ಯ ಚಾಕು ಎಲ್ಲಿ ಅಂದ. ಕಳೆದುಹೋಯ್ತು ಅಂದ ಮರಿಗಂಗಯ್ಯ. ಎಲ್ಲಿ ಕಳೆದೆ, ಹೇಗೆ ಕಳೆದೆ ಅಂದ್ರೆ ನೆಲ ನೋಡ್ಕೊಂಡು ನಿಂತ್ಕೊಂಡ. ಇವನು ಅಪ್ಪನ ಚಾಕು ಕೊಟ್ಟು ಹೆಂಡ ಕುಡಿದಿದಾನೆ ಅಂತ ಗುಡ್ಡಯ್ಯ ಹೇಳಿದ, ಊರೆಲ್ಲ ಅದನ್ನೇ ಹೇಳ್ತು. ಅಂಕಯ್ಯ, ಚಾಕು ತಂದ ದಿನ ಹರಿಗೋಲು ಮುಟ್ಟು ಅಂದುಬಿಟ್ನಂತೆ. ಅವತ್ತಿಂದ ಮರಿಗಂಗಯ್ಯ ದಡದ ಮೇಲ್ಗಡೆ ಒಂದು ಗುಡಿಸಲು ಹಾಕ್ಕೊಂಡು, ಬೇರೆಯೋರ ಬಲೆ ಹೊಲ್ಕೊಂಡು, ಗಾಳ ಹಾಕ್ಕೊಂಡು ಒಬ್ಬನೇ ಇದ್ದುಬಿಟ್ಟ. ಒಂದಲ್ಲ ಎರಡಲ್ಲ, ಇಪ್ಪತ್ತು ವರ್ಷ.

ಹೊಂಬಾಳೆ ದೊಡ್ಡೋಳಾದ್ಲು. ಬುದ್ಧಿ ಬಂದ ಮೇಲೆ ಅವರಮ್ಮ ಒಂದು ಸಲ ಹೇಳಿದ್ಲಂತೆ, ನಿನ್ನ ಹೊಳೆಯಿಂದ ಎತ್ತಿದ್ದು ಗಂಗಯ್ಯ ಮಾವ, ಇದು ನಿನ್ನ ಹೊಟ್ಟೇಲೇ ಇರಲಿ ಅಂತ. ಆಮೇಲೆ ಹೊಂಬಾಳೆಗೆ ಮದುವೆಯಾಯ್ತು, ಒಂದು ಹೆಣ್ಣು ಮಗು ಆಯ್ತು, ಅಮ್ಮ ಸತ್ತಳು, ಅಮ್ಮನ ಚಾಪೆ ಕೆಲಸ ಇವಳ ಕೈಗೆ ಬಂತು. ವಾರಕ್ಕೊಂದು ಸಲ ಚಾಪೆ ಹೊತ್ಕೊಂಡು ಅಂಕಯ್ಯ ಗುಡ್ಡಯ್ಯರ ಹರಿಗೋಲಲ್ಲೇ ಸಂತೆಗೆ ಹೋಗಿ ಬರ್ತಿದ್ಲಂತೆ. ಮಾವ ಒಳ್ಳೇ ಮನುಷ್ಯ, ಆದ್ರೆ ಹೆಂಡಕ್ಕೆ ಚಾಕು ಕಳ್ಕೊಂಡ ಪಾಪ ಅಂತ ಇವಳೂ ಊರೋರ ಹಾಗೇ ಅಂದ್ಕೊಂಡಿದ್ಲು.

ಒಂದು ಬೇಸಿಗೇಲಿ ಹೊಳೆ ತುಂಬ ಇಳೀತಂತೆ. ಯಾವತ್ತೂ ಕಾಲಿಡದ ಕಡೆಯ ಜೊಂಡೆಲ್ಲ ಕೈಗೆ ಸಿಗ್ತಿತ್ತು. ಹೊಂಬಾಳೆ ಬುಡ ಹಿಡಿದು ಕೊಯ್ತಾ ಹೋಗ್ತಿದ್ರೆ ಬೇರಿನ ಮಧ್ಯೆ ಏನೋ ಗಟ್ಟಿಗೆ ಸಿಕ್ತು. ಮಣ್ಣು ತೊಳೆದು ನೋಡ್ತಾಳೆ, ತುಕ್ಕಿನ ಒಂದು ಗೆಡ್ಡೆ. ತುದೀಲಿ ಹಸಿರು ಹಿಡಿದ ಹಿತ್ತಾಳೆ. ಹೆಬ್ಬೆರಳಲ್ಲಿ ಉಜ್ಜಿದ್ಲು, ಸೊಟ್ಟ ಬಾಲದ ಮೀನು ಕಾಣಿಸ್ತು.

ಅಣ್ಣತಮ್ಮಂದಿರ ಚಾಕಿನ ಆ ಮೀನಿನ ಗುರುತು ಊರಿಗೆಲ್ಲ ಗೊತ್ತಿತ್ತು. ಇವಳು ಅಲ್ಲೇ ಮೊಣಕಾಲುದ್ದ ಕೆಸರಲ್ಲಿ ನಿಂತ್ಕೊಂಡೇ ಯೋಚನೆ ಮಾಡಿದ್ಲಂತೆ. ಹೆಂಡದಂಗಡಿಗೆ ಹೋದ ಚಾಕು ಹೊಳೆಗೆ ಯಾಕೆ ಬರುತ್ತೆ? ಕಾಲಿಗೆ ಹಗ್ಗ ಸುತ್ಕೊಂಡಿದ್ದು ಅವಳಿಗೆ ಇನ್ನೂ ನೆನಪಿತ್ತು, ಆ ಹಗ್ಗನ ಮಾವ ಏನಿಂದ ಕೊಯ್ದಿರ್ತಾನೆ? ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೆ ಅವಳಿಗೆ ಜೊಂಡು ಕೊಯ್ಯೋಕೆ ಕೈ ಬರಲಿಲ್ಲ. ತಾನು ಸಂತೆಗೆ ಹೋಗಿದ್ದು, ಮದುವೆಯಾಗಿದ್ದು, ಮಗಳ ತಲೆ ಬಾಚಿದ್ದು, ಅದೆಲ್ಲಕ್ಕೋಸ್ಕರ ಆ ಗುಡಿಸಲಲ್ಲಿ ಒಬ್ಬ ಮನುಷ್ಯ ಬಾಯಿ ಮುಚ್ಕೊಂಡು ಕೂತಿದಾನಲ್ಲ ಅಂತ ಅಲ್ಲೇ ಅತ್ತುಬಿಟ್ಲಂತೆ.

ಹಾಗೇ ಓಡಿ ಹೋಗಿ ಕೊಟ್ಟುಬಿಡೋಣ ಅನ್ನಿಸ್ತು. ಆದ್ರೆ ಏನಂತ ಕೊಡೋದು, ಹಿಡಿ ಕೊಳೆತು ಹೋಗಿದೆ, ನೀರಿನ ಹೊಡೆತಕ್ಕೆ ಮಡಚ್ಕೊಂಡ ಅಲಗು ಒಳಗೇ ಕಚ್ಕೊಂಡಿದೆ. ಮಾವ ನನಗೆ ಕೊಟ್ಟಿದ್ದು ಪೂರ್ತಿ ಜೀವ, ನಾನು ತುಕ್ಕಿನ ಗೆಡ್ಡೆ ಕೊಡೋದಾ ಅಂದ್ಕೊಂಡು ಕಮ್ಮಾರ ಲಿಂಗಾಚಾರಿ ಹತ್ರ ಹೋದ್ಲಂತೆ. ಲಿಂಗಾಚಾರಿ ತಿರುಗಿಸಿ ತಿರುಗಿಸಿ ನೋಡಿ, ಇದನ್ನ ಬಿಸಾಕು ತಾಯಿ, ಹೊಸದು ಹೊಡೆದುಕೊಡ್ತೀನಿ ಅಂದ. ಹೊಸದು ಬೇಡ, ಇದೇ ಆಗಬೇಕು ಅಂದ್ಲು. ಅವನು, ಹಾಗಿದ್ರೆ ನೀನೇ ಮಾಡಬೇಕು, ಮಳೆಗೆ ಮುಂಚೆ ನನಗೆ ಊರ ನೇಗಿಲಿನ ಗುಳಗಳೆಲ್ಲ ತಟ್ಟೋದಿದೆ, ದಾರಿ ಹೇಳ್ತೀನಿ, ಮೂರು ಕೆಲಸ ಇದೆ, ಮೂರರಲ್ಲೂ ಅವಸರ ಮಾಡಿದ್ರೆ ಮುರಿಯುತ್ತೆ ಅಂದ.

ಮೊದಲನೇದು ಮುರೀದೆ ಬಿಚ್ಚೋದು. ಒಂದು ಕರಟದಲ್ಲಿ ಹರಳೆಣ್ಣೆ ಹಾಕಿ ಚಾಕು ಮುಳುಗಿಸಿಟ್ಲಂತೆ. ದಿನಾ ಬೆಳಿಗ್ಗೆ ಎಣ್ಣೆ ಬೆಚ್ಚಗೆ ಮಾಡೋದು, ಕೀಲಿನ ಹತ್ರ ಮರದ ತುಂಡಲ್ಲಿ ಟಕ್ ಟಕ್ ಅಂತ ತಟ್ಟೋದು, ಉಗುರು ಸಿಕ್ಕಿಸಿ ಎಳೆಯೋದು, ಬರದಿದ್ರೆ ಮತ್ತೆ ಎಣ್ಣೆಗೆ ಹಾಕೋದು. ಐದನೇ ದಿನ ತಾಳ್ಮೆ ಕೆಟ್ಟು ಕಲ್ಲು ಎತ್ಕೊಂಡಿದ್ಲಂತೆ, ಅವಳ ಗಂಡ ಕೆಂಚಯ್ಯ ನೋಡಿ, ಇಪ್ಪತ್ತು ವರ್ಷ ಕಾದಿರೋದು ಇನ್ನು ನಾಲ್ಕು ದಿನ ಕಾಯಲ್ವಾ ಅಂದ. ಕಲ್ಲು ಕೆಳಗಿಟ್ಲು. ಒಂಬತ್ತನೇ ದಿನ ಎಣ್ಣೆಯೆಲ್ಲ ಕೆಂಪಗಾಗಿತ್ತು, ಎಳೆದ್ರೆ ಅಲಗು ಮುದುಕರು ಏಳೋ ಹಾಗೆ ಕಿರ್ ಅಂದ್ಕೊಂಡು ಎದ್ದು ಬಂತಂತೆ.

ಎರಡನೇದು ತುಕ್ಕು ತೆಗೆಯೋದು. ಹುಣಸೆ ಹುಳಿ ಹಚ್ಚಿದ್ಲು, ಜರಡಿ ಹಿಡಿದ ಇಟ್ಟಿಗೆ ಪುಡೀಲಿ ಉಜ್ಜಿದ್ಲು, ಬೂದೀಲಿ ತೊಳೆದ್ಲು. ಜಾಸ್ತಿ ಉಜ್ಜಿದ್ರೆ ಅಲಗು ಕಾಗದ ಆಗುತ್ತೆ, ಕಮ್ಮಿ ಉಜ್ಜಿದ್ರೆ ತುಕ್ಕು ಮತ್ತೆ ಚಿಗುರುತ್ತೆ. ಕೊನೆಗೆ ಬೂದು ಬಣ್ಣದ ಅಲಗು ಬಂತು, ಮೇಲೆಲ್ಲ ಸಿಡುಬಿನ ಕಲೆ ಹಾಗೆ ಸಣ್ಣ ಸಣ್ಣ ಗುಳಿ. ಲಿಂಗಾಚಾರಿ ಬೆರಳಲ್ಲಿ ಮಿಡಿದು ಸದ್ದು ಕೇಳಿ, ಉಕ್ಕು ಒಳಗೆ ಬದುಕಿದೆ, ಗುಳಿ ಇರಲಿ ಬಿಡು, ಅವು ಅದರ ವಯಸ್ಸು ಅಂದು, ಕೀಲಿಗೆ ಹೊಸ ಹಿತ್ತಾಳೆ ಮೊಳೆ ಬಡಿದು, ಸಾಣೆ ಹಿಡಿದುಕೊಟ್ಟನಂತೆ.

ಮೂರನೇದು ಹಿಡಿ, ಅದೇ ಕಷ್ಟ ಆಗಿದ್ದು. ಮೊದಲು ತೆಂಗಿನ ಕರಟದ ಚೂರು ಕೆತ್ತಿ ಕೂರಿಸಿದ್ಲು, ಮೊಳೆ ಬಡೀತಿದ್ದ ಹಾಗೇ ಚಟ್ ಅಂತ ಸೀಳಿತು. ಆಮೇಲೆ ಬೇವಿನ ಮರದಲ್ಲಿ ಮಾಡಿದ್ಲು, ಚೆನ್ನಾಗೇ ಕೂತ್ಕೊಳ್ತು, ಆದ್ರೆ ನೀರಲ್ಲಿ ನೆನೆಸಿ ನೋಡಿದ್ರೆ ಊದ್ಕೊಂಡು ಅಲಗನ್ನೇ ಹಿಡ್ಕೊಂಡುಬಿಡ್ತು. ಹರಿಗೋಲಿನೋನ ಚಾಕು ಒಣಗೋದು ಯಾವಾಗ? ಲಿಂಗಾಚಾರಿ ಹೇಳಿದ, ಎಣ್ಣೆ ಬೆವರು ಕುಡಿದು ಕುಡಿದು ಗಟ್ಟಿಯಾಗಿರೋ ಹಳೇ ಹುಣಸೆ ಚೇಗು ಬೇಕು ತಾಯಿ, ಮರದ ಒಳಗಿನ ಗಟ್ಟಿ ತಿರುಳು, ಅದು ನೀರಿಗೆ ಬಾಯಿ ಬಿಡಲ್ಲ ಅಂತ.

ಅಂಥ ಮರ ಹೊಂಬಾಳೆ ಮನೇಲಿ ಒಂದೇ ಒಂದು ಇತ್ತು. ಅವರಮ್ಮನ ಚಾಪೆ ಅಚ್ಚು. ಜೊಂಡನ್ನ ಒತ್ತಿ ಬಿಗಿ ಮಾಡ್ತಾರಲ್ಲ, ಆ ಉದ್ದನೆ ಮರ. ಅಮ್ಮ ನಲವತ್ತು ವರ್ಷ ಹಿಡಿದು ಹಿಡಿದು ಅದು ಕನ್ನಡಿ ಹಾಗೆ ಕಪ್ಪಗೆ ಮಿನುಗ್ತಿತ್ತಂತೆ. ಒಂದು ಗೇಣು ಕತ್ತರಿಸಿದ್ರೆ ಮುಂದೆ ಹೆಣೆಯೋ ಚಾಪೆಯೆಲ್ಲ ಅಷ್ಟು ಕಿರಿದಾಗುತ್ತೆ. ಹೊಂಬಾಳೆ ಅದನ್ನ ತೊಡೆ ಮೇಲಿಟ್ಕೊಂಡು ಸುಮಾರು ಹೊತ್ತು ಸವರ್ತಾ ಕೂತಿದ್ಲು, ಆಮೇಲೆ ಗರಗಸ ತಗೊಂಡ್ಲು. ಅಮ್ಮಾ, ನೀನು ಕಾಲು ಹಿಡಿದು ಕೇಳಿದ್ದನ್ನ ಅವನು ಕೊಟ್ಟ, ಈಗ ನಿನ್ನ ಕೈ ಹಿಡಿದಿದ್ದನ್ನ ಅವನ ಕೈಗೆ ಕೊಡ್ತೀನಿ ಅಂತ ಮನಸ್ಸಲ್ಲೇ ಹೇಳ್ಕೊಂಡ್ಲಂತೆ. ಕುಯ್ದು, ಕೆತ್ತಿ, ಮರಳಲ್ಲಿ ಉಜ್ಜಿ, ಎಣ್ಣೆ ತಿನ್ನಿಸಿ, ತುದೀಗೆ ಆ ಮೀನಿನ ಹಿತ್ತಾಳೆ ತೊಡಿಸಿ ಕೂರಿಸಿದ್ಲು. ಸೀಳಲಿಲ್ಲ, ಊದಲಿಲ್ಲ. ಬಿಚ್ಚಿದ್ರೆ ಟಕ್, ಮಡಚಿದ್ರೆ ಟಕ್.

ಚಾಕು ತಗೊಂಡು ಗುಡಿಸಲಿಗೆ ಹೋದ್ಲು. ಮರಿಗಂಗಯ್ಯ ಬಲೆ ಹೊಲೀತಿದ್ದ. ಚಾಕು ಅವನ ಮುಂದೆ ಇಟ್ಟು ಕೂತ್ಲು. ಅವನು ಮೀನು ನೋಡಿದ, ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಆಮೇಲೆ, ಇದು ಯಾರ್ಯಾರಿಗೆ ಗೊತ್ತು ಅಂದ. ನನಗೆ, ನನ್ನ ಗಂಡಂಗೆ, ಆಚಾರಿಗೆ ಅಂದ್ಲು. ಹಾಗಾದ್ರೆ ಅಷ್ಟಕ್ಕೇ ಇರಲಿ ಮಗಳೇ, ಅಣ್ಣಂದಿರಿಗೆ ತಿಳಿದ್ರೆ ನಿನ್ನ ಹರಿಗೋಲಿಗೆ ಹತ್ತಿಸಲ್ಲ, ನಿನ್ನ ಸಂತೆ ನಿಂತುಹೋಗುತ್ತೆ, ನನಗೆ ಹೇಗೂ ಅಭ್ಯಾಸ ಆಗಿದೆ ಅಂದ. ಹೊಂಬಾಳೆ ಹೇಳಿದ್ಲಂತೆ, ಮಾವ, ನಾನು ಬದುಕಲಿ ಅಂತ ನೀನು ಸುಮ್ಮನಿದ್ದೆ, ನಾನು ಚೆನ್ನಾಗಿ ಬದುಕಿದೀನಿ, ಇನ್ನು ಸುಮ್ಮನಿರೋದು ಸಾಕು.

ಅವನು ಬೇಡ ಬೇಡ ಅಂದ್ರೂ ಕೇಳದೆ ಚಾಕು ತಗೊಂಡು ಹೊಳೆಗೆ ಇಳಿದ್ಲು. ಸಂತೆ ದಿನ, ನಡು ಹಗಲು, ಹರಿಗೋಲಲ್ಲಿ ಜನ ಕೂತಿದ್ರು. ಅಂಕಯ್ಯನ ಕೈಗೆ ಚಾಕು ಇಟ್ಟು, ಎಲ್ಲರ ಎದುರಿಗೆ, ಹೊಳೆಗೆ ಬಿದ್ದಿದ್ದು ನಾನು, ಹಗ್ಗ ಕೊಯ್ದಿದ್ದು ನಿಮ್ಮ ತಮ್ಮ, ನನ್ನ ಹಿಡ್ಕೊಳ್ಳೋಕೆ ಇದನ್ನ ಬಿಟ್ಟ, ನನ್ನ ಹೆಸರು ಕೆಡಬಾರದು ಅಂತ ತನ್ನ ಹೆಸರು ಕೆಡಿಸ್ಕೊಂಡ ಅಂತ ಹೇಳಿದ್ಲು. ಗುಡ್ಡಯ್ಯ ಎರಡು ಹೆಜ್ಜೆ ಹಿಂದೆ ಹೋಗಿ, ಅಯ್ಯೋ, ಹೊಳೆ ಬೇಡಿದ ಹೆಣ್ಣನ್ನ ಇಷ್ಟು ವರ್ಷ ಹತ್ತಿಸ್ಕೊಂಡು ಓಡಾಡಿದೀವಲ್ಲೋ ಅಂದ. ಆಗ ಹರಿಗೋಲಲ್ಲಿ ಕೂತಿದ್ದ ಒಬ್ಬ ಮುದುಕಿ, ಎಲೆ ಅಡಿಕೆ ಉಗಿದು, ಹೌದಪ್ಪ, ಪ್ರತಿ ಸಂತೆಗೂ ನಾನು ಅವಳ ಪಕ್ಕದಲ್ಲೇ ಕೂತು ಹೋಗ್ತೀನಿ, ಬೆವರು ಬಿಟ್ರೆ ಬೇರೆ ನೀರು ನನ್ನ ಸೀರೆಗೆ ತಾಕಿಲ್ಲ, ಮುಳುಗಿಸೋದಿದ್ರೆ ಹೊಳೆ ಯಾವಾಗಲೋ ಮುಳುಗಿಸ್ತಿತ್ತು, ಈಗ ಹರಿಗೋಲು ಬಿಡು, ಬಿಸಿಲು ಏರ್ತಿದೆ ಅಂದ್ಲಂತೆ. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಗುಡ್ಡಯ್ಯನೂ ತಲೆ ಕೆರ್ಕೊಂಡು ನಕ್ಕ. ಆ ನಂಬಿಕೆ ಅಲ್ಲೇ ನೀರಲ್ಲಿ ಹೋಯ್ತು.

ಅಂಕಯ್ಯ ಮಾತ್ರ ನಗಲಿಲ್ಲ. ಚಾಕು ಹಿಡ್ಕೊಂಡು ದಡ ಹತ್ತಿ ಗುಡಿಸಲ ಮುಂದೆ ಹೋಗಿ ನಿಂತ್ಕೊಂಡ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಚಾಕು ತಮ್ಮನ ಕೈಗೆ ಕೊಟ್ಟು, ಹರಿಗೋಲಿನ ತೊಗಲು ಹರಿದಿದೆ ಕಣೋ, ನೀರು ಕುಡೀತಿದೆ, ನಾವು ಹಾಕಿದ ತೇಪೆ ನಿಲ್ತಿಲ್ಲ, ಬಂದು ನೋಡ್ತೀಯಾ ಅಂದ. ಅಷ್ಟು ಹೇಳೋ ಹೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು. ಮರಿಗಂಗಯ್ಯ ಬಲೆ ಪಕ್ಕಕ್ಕಿಟ್ಟು, ನಡಿಯಣ್ಣ ಅಂದ. ಇಳಿದು ಬಂದು, ಅದೇ ಚಾಕೂಲಿ ಹೊಸ ತೊಗಲು ಕತ್ತರಿಸಿ ತೇಪೆ ಹಾಕಿದ. ಅವತ್ತೇ ಅವನ ಸರದಿ ಶುರುವಾಯ್ತಂತೆ.

ಮುಂದಿನ ಸಂತೆಗೆ ಹೊಂಬಾಳೆ ಮಗಳನ್ನೂ ಕರ್ಕೊಂಡು ಹತ್ತಿದ್ಲು. ಹುಟ್ಟು ಮರಿಗಂಗಯ್ಯನ ಕೈಲಿತ್ತು. ನಡು ಹೊಳೇಲಿ ಹುಟ್ಟು ನಿಲ್ಲಿಸಿ, ಮಗೂಗೆ ಅಂತ ಒಂದು ಸೌತೆಕಾಯಿ ತೆಗೆದು ಆ ಚಾಕೂಲಿ ಹೋಳು ಮಾಡ್ತಿದ್ದ. ಹೊಂಬಾಳೆ ಕೇಳಿದ್ಲು, ಮಾವ, ಇಷ್ಟು ವರ್ಷದಲ್ಲಿ ನೀನು ಒಂದು ಸಲನಾದ್ರೂ ಹೊಳೇಲಿ ಚಾಕು ಹುಡುಕಿ ನೋಡಲಿಲ್ವಾ ಅಂತ. ಅವನು ಹೋಳು ಮಗುವಿನ ಕೈಗೆ ಕೊಟ್ಟು ಹೇಳಿದ್ನಂತೆ, ಇಲ್ಲ ಮಗಳೇ, ಗುಡಿಸಲ ಬಾಗಿಲಲ್ಲಿ ಕೂತ್ರೆ ಹೊಳೆ ಪೂರ್ತಿ ಕಾಣ್ತಿತ್ತು, ವಾರಕ್ಕೊಂದು ಸಲ ನೀನು ಚಾಪೆ ಹೊತ್ಕೊಂಡು ಆಚೆ ದಡಕ್ಕೆ ಹೋಗ್ತಿದ್ದೆ, ಸಂಜೆ ವಾಪಸ್ ಬರ್ತಿದ್ದೆ, ಅದನ್ನ ನೋಡಿದ ಮೇಲೆ ನನಗೆ ಏನೋ ಕಳೆದಿದೆ ಅಂತ ಯಾವತ್ತೂ ಅನ್ನಿಸಲೇ ಇಲ್ಲ.

ಅವರು ಆ ದಡದಲ್ಲಿ ಸುಖವಾಗಿದ್ರಂತೆ ಮಗಾ, ನಾವು ಈ ದಡದಲ್ಲಿ ಸುಖವಾಗಿದೀವಿ. ಕತೆ ದಡ ಮುಟ್ತು, ಇನ್ನು ಕಣ್ಣು ಮುಚ್ಕೊ.