ಸೀಳಿದ ಎಳೆಗಳ ಗೂಡು

ಕಥೆ ಹೇಳುವುದು ನನಗೆ ಹೊಸದು, ಎಡವಿದರೆ ಮನ್ನಿಸಿ. ಕೆರೆದಂಡೆಯ ಈಚಲು ಮರದಲ್ಲಿ ಗೀಜುಗಗಳ ಹಿಂಡಿತ್ತು. ಗೀಜುಗಗಳಲ್ಲಿ ಗಂಡು ಗೂಡು ನೇಯುತ್ತಾನೆ, ಹೆಣ್ಣು ಬಂದು ಜಗ್ಗಿ ನೋಡುತ್ತಾಳೆ. ಅಂದರೆ, ಗಟ್ಟಿಯೆನಿಸಿದರಷ್ಟೇ ಅಲ್ಲಿ ಮೊಟ್ಟೆಯಿಡುತ್ತಾಳೆ. ಹಿಂಡಿನ ಹಿರಿಯ ಮಾತ್ರ ಗೂಡನ್ನು ಜಗ್ಗುತ್ತಿರಲಿಲ್ಲ, ಯಾರು ಎಷ್ಟು ಎಳೆ ನೇಯ್ದರೆಂದು ಸಂಜೆ ಕೇಳುತ್ತಿದ್ದ.

ಹಳದಿನೆತ್ತಿ ಎಂಬ ಗಂಡು ಮೊದಲ ದಿನ ನೂರು ಎಳೆ ನೇಯ್ದ. “ಇಷ್ಟೇನಾ?” ಎಂದ ಹಿರಿಯ. ಮರುದಿನ ಹಳದಿನೆತ್ತಿ ಪ್ರತಿ ಎಳೆಯನ್ನೂ ಎರಡಾಗಿ ಸೀಳಿದ. ತಂದ ಹುಲ್ಲು ಅಷ್ಟೇ, ಲೆಕ್ಕ ಮಾತ್ರ ಇನ್ನೂರು. ಮೂರನೆಯ ದಿನ ನಾಲ್ಕಾಗಿ ಸೀಳಿದ, ನಾನೂರಾಯಿತು. “ಇವನನ್ನು ನೋಡಿ ಕಲಿಯಿರಿ!” ಎಂದು ಹಿರಿಯ ಕೊಂಡಾಡಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಜೊತೆಗಾರನಿಲ್ಲದೆ ಉಳಿದ ಹೆಣ್ಣು ಒಬ್ಬಳೇ. ಅವಳು ಬಂದು ಹಳದಿನೆತ್ತಿಯ ಗೂಡನ್ನು ಜಗ್ಗಿದಳು. ತಳವೇ ಕಿತ್ತು ಕೊಕ್ಕಿಗೆ ಬಂತು.

“ಒಂದೇ ದಿನಕ್ಕೆ ನಾನೂರು ಎಳೆ ನೇಯ್ದವನು ನಾನು!” ಎಂದ ಹಳದಿನೆತ್ತಿ.

“ಇರಬಹುದು ಮಾರಾಯ. ನನ್ನ ಮೊಟ್ಟೆಗಳಿಗೆ ಎಣಿಸಲು ಬರುವುದಿಲ್ಲ, ಬೀಳಲಷ್ಟೇ ಬರುತ್ತದೆ,” ಎಂದು ಅವಳು ಹಾರಿಹೋದಳು.

ಹಳದಿನೆತ್ತಿ ತಳ ಕಿತ್ತ ಗೂಡಿನ ಎಳೆಗಳನ್ನು ಕೊಕ್ಕಿನಿಂದ ಜಗ್ಗಿ ನೋಡಿದ. ಆಮೇಲೆ ಪಕ್ಕದಲ್ಲಿ ಎಳೆ ಸೀಳುತ್ತಿದ್ದ ಗೆಳೆಯನಿಗೆ ಹೇಳತೊಡಗಿದ: “ಸೀಳಬೇಡ ಕಣೋ. ಎಣಿಸುವುದು ತಪ್ಪಲ್ಲ, ಗೂಡು ಯಾವಾಗ ಮುಗಿದೀತೆಂದು ತಿಳಿಯಲು ಅದು ಬೇಕು. ಆದರೆ ನಾವು ನೇಯುವುದು ಯಾಕೆ ಅಂದರೆ...”

“ಹಳದಿನೆತ್ತೀ, ಬೇಗ ಬಾರೋ!” ಎಂದು ಮೇಲಿನ ಕೊಂಬೆಯಿಂದ ಹಿರಿಯ ಕರೆದ. “ಆಚೆ ದಂಡೆಯವರು ನಿನ್ನ ಕೈಚಳಕ ಕಲಿಯಲು ಬಂದಿದ್ದಾರೆ!”