ಜವರಪ್ಪನ ತೂಬು

ಕಾಡಿನ ಅಂಚಿನಲ್ಲಿ ಒಂದು ಗೆಣಸಿನ ತೋಟವಿತ್ತು. ಯಜಮಾನ ಜವರಪ್ಪ, ಮುದಿ ಮುಳ್ಳುಹಂದಿ. ಮಗಳು ಸಾಕಮ್ಮ, ಮಗ ಕೆಂಚ. ಇಬ್ಬರೂ ಬೆಳೆದವರು. ಮಕ್ಕಳೇ, ಇಷ್ಟು ನೆನಪಿಟ್ಟುಕೊಳ್ಳಿ, ಸಾಕು.

ತೋಟದ ಮೇಲ್ಗಡೆ ಒಂದು ಕೊಳ. ಅದರ ಏರಿಯ ಬುಡದಲ್ಲಿ ತೂಬು. ದೊಡ್ಡ ಮಳೆ ಬಂದರೆ ತೂಬಿನ ಕಲ್ಲು ಸರಿಸಬೇಕು. ಆಗ ಹೆಚ್ಚಿನ ನೀರು ಪಕ್ಕದ ಹಳ್ಳಕ್ಕೆ ಹೋಗುತ್ತದೆ. ಸರಿಸದಿದ್ದರೆ ಏರಿ ಒಡೆಯುತ್ತದೆ. ತೋಟ ಕೊಚ್ಚಿಹೋಗುತ್ತದೆ.

ಆ ಕಲ್ಲು ಎಲ್ಲಿದೆಯೆಂದು ಜವರಪ್ಪನಿಗೆ ಮಾತ್ರ ಗೊತ್ತು. ಪ್ರತಿ ಸಲವೂ ಅದರ ಮೇಲೆ ಮಣ್ಣೆಳೆದು ಹುಲ್ಲು ಮುಚ್ಚುತ್ತಿದ್ದ. ತೋರಿಸಿಬಿಟ್ಟರೆ ಆಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ.

"ತೂಬು ಎಲ್ಲಿದೆ ಅಪ್ಪಾ?" ಎಂದು ಕೆಂಚ ಕೇಳಿದರೆ ಒಂದೇ ಉತ್ತರ.

"ನಾನಿದ್ದೀನಲ್ಲ."

ಇನ್ನೊಂದು ತಪ್ಪನ್ನೂ ಮಾಡಿದ್ದ. ಸಾಕಮ್ಮ ಕಳೆ ಕಿತ್ತ ದಿನ ಅವಳ ಕಿವಿಯಲ್ಲಿ, "ತೋಟ ನಿನಗೇ ಕಣವ್ವ" ಎಂದಿದ್ದ. ಕೆಂಚ ಏರಿಗೆ ಮಣ್ಣು ಹಾಕಿದ ದಿನ ಅವನ ಕಿವಿಯಲ್ಲೂ, "ತೋಟ ನಿನಗೇ ಕಣೋ" ಎಂದಿದ್ದ.

ಕೊಳದ ಆಮೆ ಚೆಲುವಜ್ಜಿಗೆ ಎರಡೂ ಕೇಳಿಸಿತ್ತು.

"ಜವರಪ್ಪ, ಯಾರಿಗೆ ಏನು ಅಂತ ಇಬ್ಬರನ್ನೂ ಕೂರಿಸಿ ಹೇಳಿಬಿಡು."

"ಯಾಕೆ? ನನ್ನನ್ನ ಆಗಲೇ ಹೂಳಬೇಕು ಅಂತಿದ್ದೀಯಾ?"

"ಹೂಳೋಕೆ ನನಗೆ ಪುರುಸೊತ್ತಿಲ್ಲ. ಹೇಳು ಅಂದೆ ಅಷ್ಟೆ."

ಅವನು ಹೇಳಲಿಲ್ಲ.

ಒಂದು ದಿನ ಬೇರು ಹುಡುಕುತ್ತಾ ಜವರಪ್ಪ ಕಡಜದ ಗೂಡಿಗೆ ಮೂತಿ ಹಾಕಿದ. ಮೂತಿ ಕುಂಬಳಕಾಯಿಯಾಯಿತು. ಕಣ್ಣು ಮುಚ್ಚಿಹೋಯಿತು. ಬಾಯಿ ಬಿಡಲಾಗಲಿಲ್ಲ.

ಅವತ್ತೇ ದೊಡ್ಡ ಮಳೆ ಬಂತು.

ಕೊಳ ಏರುತ್ತಿತ್ತು. ಮಕ್ಕಳಿಬ್ಬರೂ ಏರಿಗೆ ಓಡಿದರು.

"ನೀನು ಆಚೆ ಸರಿ ಅಕ್ಕ. ತೋಟ ನನ್ನದು, ತೂಬು ನಾನು ಹುಡುಕ್ತೀನಿ."

"ನಿನ್ನದಾ? ಯಾರಂದಿದ್ದು?"

"ಅಪ್ಪ!"

"ನನಗೂ ಅಪ್ಪನೇ ಅಂದಿದ್ದು!"

"ಸುಳ್ಳಿ!"

"ನೀನೇ ಸುಳ್ಳ!"

ಮುಳ್ಳು ನಿಗುರಿಸಿ ಇಬ್ಬರೂ ಎದುರುಬದುರು ನಿಂತರು. ಅಷ್ಟರಲ್ಲಿ ಏರಿಯ ಒಂದು ಮೂಲೆ ಕುಸಿಯಿತು. ಹತ್ತು ಸಾಲು ಗೆಣಸಿನಲ್ಲಿ ನಾಲ್ಕು ಸಾಲು ನೀರುಪಾಲಾಯಿತು.

ಆ ಸದ್ದು ಜವರಪ್ಪನಿಗೆ ಕೇಳಿಸಿತು. ಎದ್ದ. ಕಣ್ಣಿಲ್ಲ, ಬಾಯಿಲ್ಲ. ಕಾಲಿಗೆ ಮಾತ್ರ ದಾರಿ ಗೊತ್ತಿತ್ತು. ತಡವರಿಸುತ್ತಾ ಏರಿಯ ಕೆಳಗೆ ನಡೆದ. ಒಂದು ಕಡೆ ನಿಂತು ನೆಲ ಕೆರೆದ.

"ಕೆಂಚ, ಇಲ್ಲಿ!" ಎಂದು ಸಾಕಮ್ಮ ಕೂಗಿದಳು. ಇಬ್ಬರೂ ಹೆಗಲು ಕೊಟ್ಟರು. ಕಲ್ಲು ಸರಿಯಿತು. ನೀರು ಹಳ್ಳಕ್ಕೆ ನುಗ್ಗಿತು.

ಆರು ಸಾಲು ಉಳಿಯಿತು.

ಮೂರು ದಿನಕ್ಕೆ ಊತ ಇಳಿಯಿತು. ಜವರಪ್ಪ ಚೆಲುವಜ್ಜಿಯನ್ನೂ ಕರೆಸಿ ಮಕ್ಕಳನ್ನು ಕೂರಿಸಿದ.

"ಇಬ್ಬರಿಗೂ ಒಂದೇ ಮಾತು ಕೊಟ್ಟೆ. ತಪ್ಪು ನನ್ನದು. ಈಗ ಹೇಳಿ, ನಿಮಗೇನು ಬೇಕು?"

"ನನಗೆ ನೆಡೋದು, ಕೀಳೋದು ಇಷ್ಟ" ಎಂದಳು ಸಾಕಮ್ಮ. "ಆ ನೀರಿನ ಗೋಜು ಬೇಡ."

"ನನಗೆ ನೀರೇ ಇಷ್ಟ" ಎಂದ ಕೆಂಚ. "ಏರಿ, ತೂಬು ನಾನು ನೋಡ್ಕೋತೀನಿ. ಗೆಣಸು ಅಕ್ಕ ಬೆಳೀಲಿ. ಹಂಚ್ಕೊಂಡು ತಿಂತೀವಿ."

ಜವರಪ್ಪ ಕಣ್ಣು ಕಣ್ಣು ಬಿಟ್ಟ. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ" ಎಂದರು ಇಬ್ಬರೂ.

ಚೆಲುವಜ್ಜಿ ಚಿಪ್ಪಿನೊಳಗೆ ನಕ್ಕಳು.

ಅವತ್ತಿನಿಂದ ಜವರಪ್ಪ ದಿನಾ ಇಬ್ಬರ ಜೊತೆ ತೋಟ ಸುತ್ತಿದ. ಬಳ್ಳಿ ಮತ್ತೆ ಚಿಗುರಲು ಗೆಣಸಿನ ಕತ್ತನ್ನು, ಅಂದರೆ ಬಳ್ಳಿ ಅಂಟಿದ ತುದಿಯನ್ನು, ಮಣ್ಣಲ್ಲೇ ಬಿಡಬೇಕೆಂದು ಸಾಕಮ್ಮನಿಗೆ ತೋರಿಸಿದ. ನೀರು ಯಾವ ಗುರುತು ಮುಟ್ಟಿದಾಗ ಕಲ್ಲು ಸರಿಸಬೇಕೆಂದು ಕೆಂಚನಿಗೆ ತೋರಿಸಿದ. ತೂಬಿನ ಮೇಲಿನ ಹುಲ್ಲನ್ನು ತಾನೇ ಕಿತ್ತೆಸೆದ. ಕುಸಿದ ಏರಿಯನ್ನು ಕೆಂಚ ಕಟ್ಟಿದ, ಕೊಚ್ಚಿಹೋದ ನಾಲ್ಕು ಸಾಲನ್ನು ಸಾಕಮ್ಮ ಮತ್ತೆ ನೆಟ್ಟಳು.

ಮರುವರ್ಷ ಮತ್ತೆ ದೊಡ್ಡ ಮಳೆ. ಜವರಪ್ಪ ಎದ್ದು ಹೊರಟ.

"ಎಲ್ಲಿಗೆ?" ಎಂದಳು ಚೆಲುವಜ್ಜಿ.

"ತೂಬಿಗೆ."

"ಕೂತ್ಕೋ."

ಕೂತ. ಕೆಂಚ ಕಲ್ಲು ಸರಿಸಿದ. ನೀರು ಹಳ್ಳಕ್ಕೆ ಹೋಯಿತು. ಹತ್ತು ಸಾಲಿನಲ್ಲಿ ಒಂದು ಬಳ್ಳಿಯೂ ಅಲುಗಲಿಲ್ಲ.

"ಸ್ವಲ್ಪ ಬೇಗ ತೆಗೆದ" ಎಂದು ಜವರಪ್ಪ ಗೊಣಗಿದ.

ಸಾಕಮ್ಮ ಹೊಸ ಗೆಣಸೊಂದನ್ನು ತಂದು ಅವನ ಮುಂದಿಟ್ಟಳು. ಕಚ್ಚಿದ. ಅಗಿದ. ಇನ್ನೊಂದು ಸಲ ಕಚ್ಚಿದ.

"ನನ್ನದಕ್ಕಿಂತ ಸಿಹಿ" ಎಂದ.

ನೀತಿ: ಮಕ್ಕಳಿಗೆ ಬಿಟ್ಟುಕೊಡುವುದನ್ನು ಅವರನ್ನು ಕೇಳಿ, ಎಲ್ಲರೆದುರು, ಬಾಯಿ ಆಡುವಾಗಲೇ ಬಿಟ್ಟುಕೊಡಬೇಕು.