ಅಧ್ಯಕ್ಷರಿಗೆ ರೋಬೋಟ್ ಹಾರ

ತಿಪಟೂರಿನ ಒಂದು ಹೈಸ್ಕೂಲಿನ ಮಕ್ಕಳು ರೋಬೋಟ್ ಪಂದ್ಯಕ್ಕೆ ತಯಾರಾಗುತ್ತಿದ್ದರು. ಗುಂಡಗಿರುವುದನ್ನು ಹಿಡಿದು ಬುಟ್ಟಿಗೆ ಎಸೆಯುವುದಷ್ಟೇ ಅವರ ರೋಬೋಟ್ ಕಲಿತ ವಿದ್ಯೆ. ಅದೂ ಇನ್ನೂ ಪೂರ್ತಿ ಪಳಗಿರಲಿಲ್ಲ.

ಅಷ್ಟರಲ್ಲಿ ಶಾಲೆಯ ಅಧ್ಯಕ್ಷ ಶಿವನಂಜಪ್ಪನವರ ಅಪ್ಪಣೆಯಾಯಿತು. "ನಿಮ್ಮನ್ನ ಪಂದ್ಯಕ್ಕೆ ಕಳಿಸೋ ಬೀಳ್ಕೊಡುಗೆ ಸಭೇಲಿ ಆ ರೋಬೋಟೇ ನನಗೆ ಹಾರ ಹಾಕ್ಬೇಕು. ಇಲ್ಲಾಂದ್ರೆ ಪಂದ್ಯವೂ ಇಲ್ಲ, ಬಸ್ಸೂ ಇಲ್ಲ!"

ಮಕ್ಕಳ ಮುಖ ಬಾಡಿತು. ಶಾಲೆಯ ಜವಾನ ಮಾತ್ರ ಕೈಮುಗಿದ. "ಆಗ್ಲಿ ಸಾರ್. ಒಂದ್ಸಲ ತಾಲೀಮು ನೋಡ್ಬಿಡಿ."

ತಿಪಟೂರಲ್ಲಿ ತೆಂಗಿನಕಾಯಿಗೇನು ಬರ? ನುಣ್ಣಗೆ ಸುಲಿದು, ಜುಟ್ಟನ್ನೂ ಕಿತ್ತ ಕಾಯೊಂದನ್ನು ಅವನು ಅಧ್ಯಕ್ಷರ ಕುರ್ಚಿಯ ಮೇಲಿಟ್ಟ. ರೋಬೋಟಿನ ಕೈಗೆ ಹಾರ ತೂಗುಹಾಕಿದ.

ಕೈ ಬಾಗಿತು. ಹಾರ ಜಾರಿ ಕಾಯಿಯ ಮೇಲೆ ಬಿತ್ತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ರೋಬೋಟ್ ಕಾಯನ್ನು ಹಿಡಿದೆತ್ತಿ ಬುಟ್ಟಿಗೆ ಎಸೆಯಿತು. ಬಿದ್ದ ರಭಸಕ್ಕೆ ಕಾಯಿ ಎರಡು ಹೋಳಾಯಿತು.

ಅಧ್ಯಕ್ಷರ ಕೈ ತಾನಾಗಿಯೇ ತಮ್ಮ ಬೋಳುತಲೆಗೆ ಹೋಯಿತು.

"ಹಾರ ಹಾಕೋದು ಸಲೀಸು ಸಾರ್," ಎಂದ ಜವಾನ. "ಆಮೇಲಿಂದೇ ಸ್ವಲ್ಪ ಯೋಚನೆ."

"ಬೇಡಪ್ಪಾ ಬೇಡ! ನಾನೇ ಅದಕ್ಕೆ ಹಾರ ಹಾಕ್ತೀನಿ. ಮಕ್ಕಳು ಅವರ ಅಭ್ಯಾಸ ಮಾಡ್ಕೊಳ್ಳಲಿ!"

ಸಭೆಯ ದಿನ ಅಧ್ಯಕ್ಷರು ಸ್ಕೂಟರಿನಲ್ಲಿ ಬಂದರು. ರೋಬೋಟಿಗೆ ಹಾರ ಹಾಕಿದರು, ಉದ್ದದ ಭಾಷಣವನ್ನೂ ಮಾಡಿದರು. ಹೆಲ್ಮೆಟ್ ಮಾತ್ರ ಕೊನೆಯವರೆಗೂ ತೆಗೆಯಲಿಲ್ಲ.